ದೋನಾ ಅಮೇಲಿಯಾರ ಮನೆಯಲ್ಲಿ ಪೋರ್ಚುಗೀಸ್ ಕಲಿತ ಬೇಸಿಗೆ

ಮಡಗಾಂವಿನಲ್ಲಿ ರೈಲಿಳಿದು ಬೆಳಿಗ್ಗೆ ನಾನು ಹುಡುಕಿಕೊಂಡು ಹೋದ ಮನೆಯ ಮುಂದೆ ಒಬ್ಬ ವಿಧವೆ ಕೂತಿದ್ದರು. ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು. ಬೀದಿಗೆ ಎದುರಾಗಿ, ಜಗಲಿಯ ನಟ್ಟನಡುವೆ ಕುರ್ಚಿ. ಕಚೇರಿಗೆ ಹೊರಟ ಗಂಡಸರು ಟೋಪಿ ತೆಗೆದು ‘ಬೊಂ ದೀಯ’, ಅಂದರೆ ಶುಭದಿನ, ಎಂದು ಅವರಿಗೆ ಹೇಳಿ ಮುಂದೆ ಹೋಗುತ್ತಿದ್ದರು. ನಮ್ಮ ಜಾವಗಲ್ಲಿನಲ್ಲಿ ಕೆಲಸಕ್ಕೆ ಹೊರಟವರಿಗೆ ನನ್ನಂಥವಳು ಎದುರಾದರೆ ಮನೆಗೆ ಹಿಂತಿರುಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಾರೆ. ಇಲ್ಲಿ ಬೀದಿಗೆ ಬೀದಿಯೇ ಈಕೆಯ ಮುಖ ನೋಡಿ ದಿನ ಶುರುಮಾಡುತ್ತಿತ್ತು.

ನಾನು ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡವಳು. ಅರಸೀಕೆರೆಯಲ್ಲಿ ರೈಲ್ವೆ ಗುಮಾಸ್ತನಾಗಿದ್ದ ಅಣ್ಣನ ಮನೆಯ ಅಡುಗೆಮನೆಯಲ್ಲಿ ಆರು ವರ್ಷ ಕಳೆದಿದ್ದೆ. ಆ ಊರಲ್ಲಿದ್ದ ಗೋವೆಯ ರೈಲ್ವೆ ಡಾಕ್ಟರೊಬ್ಬರು, ಪಣಜಿಯಲ್ಲಿ ಸೂಲಗಿತ್ತಿಯರ ಶಾಲೆಯಿದೆ, ಆದರೆ ಪಾಠವೆಲ್ಲ ಪೋರ್ಚುಗೀಸಿನಲ್ಲಿ ಎಂದರು. ಬೇಸಿಗೆಯಲ್ಲಿ ನನಗೆ ಭಾಷೆ ಕಲಿಸುವಂತೆ ತಮ್ಮ ಸೋದರತ್ತೆ ದೋನಾ ಅಮೇಲಿಯಾರಿಗೆ ಕಾಗದವನ್ನೂ ಬರೆದರು. ಜಗಲಿಯಲ್ಲಿ ಕೂತಿದ್ದ ವಿಧವೆ ಅವರೇ. ದೋನಾ ಎಂದರೆ ನಮ್ಮ ‘ಅಮ್ಮಾವ್ರು’ ಇದ್ದ ಹಾಗೆ.

“ಒಂದ್ ಬೇಸ್ಗೆ ಕೊಡ್ತೀನಿ ಕಣೇ,” ಎಂದ ಅಣ್ಣ. “ಪರೀಕ್ಷೇಲಿ ಗೆದ್ರೆ ಅಲ್ಲೇ ಓದು. ಇಲ್ದಿದ್ರೆ ಬಂದು ಒಲೆ ಮುಂದೆ ಕೂತ್ಕೋ.”

ಅಪ್ಪ ತೀರಿಹೋದಂದಿನಿಂದ ಅದೇ ಒಲೆಯ ಮುಂದೆ ನನ್ನ ಜೊತೆಗಿದ್ದ ಅವ್ವ ರಾಗಿಹಿಟ್ಟಿನ ಗಂಟು ಕಟ್ಟಿಕೊಟ್ಟಳು.

ಮಳೆಗಾಲಕ್ಕೆ ಮುಂಚೆ ದೋನಾರ ಮಗಳು ಲವೀನಿಯಾಳ ಮದುವೆಯಿತ್ತು. ನಾನು ಅದಕ್ಕೆ ಹೊಲಿಗೆ ಮಾಡಿಕೊಡುವುದು, ಅವರು ನನಗೆ ಭಾಷೆ ಕಲಿಸುವುದು ಎಂದು ಒಪ್ಪಂದವಾಯಿತು. ಮೇಜಿನ ಬಟ್ಟೆ, ದಿಂಬಿನ ಚೀಲ ಎಲ್ಲ ಹೊಲಿದೆ. ಮದುಮಗಳ ಬಿಳಿ ಉಡುಪನ್ನು ಮಾತ್ರ ಏನಾದರೊಂದು ನೆಪ ಹೇಳಿ ಮುಟ್ಟಲಿಲ್ಲ. ಭಾಷೆಯೋ, ಬಲು ವಿಚಿತ್ರದ್ದು. ಅದರಲ್ಲಿ ಪುಸ್ತಕ ಗಂಡು, ಮೇಜು ಹೆಣ್ಣು! ಹಲಗೆಯನ್ನೂ ಹೆಣ್ಣು ಮಾಡಿದವರು ಅದಕ್ಕೊಬ್ಬ ಗಂಡನನ್ನು ಗೊತ್ತುಮಾಡಲಿಲ್ಲವೇ ಎಂದು ಹರಕುಮುರುಕು ಕೊಂಕಣಿಯಲ್ಲಿ ಕೇಳಿದೆ. ದೋನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರ ಒಲೆಯ ಅನ್ನ ನಾನು ಉಣ್ಣುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಮುದ್ದೆ ಮಾಡಿಕೊಳ್ಳುತ್ತಿದ್ದೆ. ಹಿಟ್ಟು ಮುಗಿದ ಮೇಲೆ ಕೆಂಪಕ್ಕಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಒಣಗಿಸಿ ಕೊಬ್ಬರಿ ಮಾಡಿ ಮಾರುತ್ತೇವೆ, ಸಾರಿಗೆ ಒಂದು ಚೂರು. ಇಲ್ಲಿ ಮಾರುವ ಮಾತೇ ಇಲ್ಲ ಅನ್ನುವ ಹಾಗೆ ಎಲ್ಲದಕ್ಕೂ ಸುರಿಯುತ್ತಾರೆ. ಒಂದು ಭಾನುವಾರ ಇಗರ್ಜಿಯೊಳಗೆ, ಅಂದರೆ ಅವರ ಚರ್ಚಿನೊಳಗೆ, ಇಣುಕಿ ನೋಡಿದೆ. ಹಳೇಬೀಡಿನಲ್ಲಿ ವೈಭವವೆಲ್ಲ ಹೊರಗೋಡೆಯ ಮೇಲೆ, ಒಳಗೆ ತಂಪು ಕತ್ತಲೆ. ಇಲ್ಲಿ ಹೊರಗೆ ಬರೀ ಸುಣ್ಣ, ಒಳಗೆ ಬಂಗಾರ. ಇದನ್ನೆಲ್ಲ ಕನ್ನಡದಲ್ಲಿ ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಹಿತ್ತಲ ತೆಂಗಿನಮರಕ್ಕೆ “ಊಟ ಆಯ್ತೇನಮ್ಮಾ?” ಎಂದು ಕೇಳಿದ್ದೂ ಉಂಟು.

ಮದುವೆಯ ಬೆಳಿಗ್ಗೆ ನಾನು ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಹೊರಡುವ ಮುಂಚೆ ಲವೀನಿಯಾ ಬಾಗಿಲು ತಟ್ಟಿ ನನ್ನ ಹೆಸರು ಹಿಡಿದು ಕರೆದಳು. ಬಾಗಿಲು ತೆರೆಯಲಿಲ್ಲ. ಆ ಹುಡುಗಿಗೆ ನಾನು ಕೊಡಬಹುದಾದ ಉಡುಗೊರೆ ಅದೊಂದೇ ಎಂದು ನಂಬಿದ್ದೆ.

ಮಾರನೆಯ ದಿನದಿಂದ ಪಾಠ ನಿಂತಿತು. ದೋನಾ ಮುಖ ಕೊಟ್ಟು ಮಾತಾಡಲಿಲ್ಲ. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಅರಸೀಕೆರೆಯ ಒಲೆ ಕಣ್ಣಿಗೆ ಕಟ್ಟಿತು. ಮೂರನೆಯ ದಿನ ತಡೆಯಲಾರದೆ ಏನಾಯಿತೆಂದು ಕೇಳಿದೆ.

“ನನ್ನ ಮನೆಯ ಅನ್ನ ನಿನಗಾಗಲಿಲ್ಲ, ಸುಮ್ಮನಿದ್ದೆ,” ಎಂದರು. “ನನ್ನ ಮಗಳ ಮುಖವೂ ಮೈಲಿಗೆಯಾಯಿತೇ?”

“ನಾನು ವಿಯೂವ,” ಎಂದೆ. ವಿಯೂವ ಎಂದರೆ ವಿಧವೆ. “ಮದುಮಗಳು ನನ್ನನ್ನು ನೋಡಬಾರದು. ಅವಳಿಗೆ ಕೆಡುಕು.” ವ್ಯಾಕರಣವೆಲ್ಲ ದಿಕ್ಕಾಪಾಲಾಗಿತ್ತು. ಅಷ್ಟು ಉದ್ದ ನಾನು ಆ ಭಾಷೆಯಲ್ಲಿ ಮಾತಾಡಿದ್ದು ಅದೇ ಮೊದಲು.

ಅವರು ಕುರ್ಚಿ ಎಳೆದು ನನ್ನ ಎದುರು ಕೂತರು. “ಹಿಂದಿನ ಬೀದಿಯ ಹಿಂದೂ ಮನೆಗಳಲ್ಲಿ ಇದು ಇದೆಯೆಂದು ಗೊತ್ತು. ನನ್ನ ಮನೆಗೂ ತಂದೆಯಾ? ಲವೀನಿಯಾಳ ಕೈಹಿಡಿದು ಇಗರ್ಜಿಗೆ ಕರೆದುಕೊಂಡು ಹೋದವಳು ನಾನು. ಹಾಗಾದರೆ ನನ್ನ ಮಗಳಿಗೆ ನಾನೇ ಕೆಡುಕು ಮಾಡಿದೆನೇ?”

ಎರಡು ತಿಂಗಳು ದಿನಾ ಅವರ ಮುಖ ನೋಡಿಯೇ ಪುಸ್ತಕ ಬಿಡಿಸಿದ್ದೆ. ಒಂದು ದಿನವೂ ಅದು ಅಪಶಕುನವೆನ್ನಿಸಿರಲಿಲ್ಲ. ಆ ವಿಷ ನನ್ನ ಮುಖದಲ್ಲಿ ಮಾತ್ರ ಇದೆಯೆಂದು ಹೇಗೆ ನಂಬಿದೆನೋ! ಬಿಕ್ಕಿಬಿಕ್ಕಿ ಅತ್ತೆ. ದೋನಾ ಸಮಾಧಾನ ಹೇಳುವವರಲ್ಲ. “ಪುಸ್ತಕ ತೆಗೆ,” ಎಂದರು. ಆ ಮಧ್ಯಾಹ್ನ ಅವರ ಮನೆಯ ಅನ್ನ ಉಂಡೆ. ಉಪ್ಪು ಜಾಸ್ತಿಯಿತ್ತು.

ಪರೀಕ್ಷೆ ಗೆದ್ದೆ. ಎರಡು ವರ್ಷ ಓದಿ ಪಾರ್ತೈರ, ಅಂದರೆ ಸೂಲಗಿತ್ತಿ, ಎನ್ನಿಸಿಕೊಂಡು ಪಣಜಿಯಲ್ಲೇ ಕೆಲಸಕ್ಕೆ ಸೇರಿದೆ. ಹೋದ ವರ್ಷ ಅತ್ತಿಗೆಯ ಹೆರಿಗೆಗೆ ಅರಸೀಕೆರೆಗೆ ಬಂದೆ. ಮಗು ಕಾಲು ಮುಂದಾಗಿ ಬಂತು. ಎರಡು ಜೀವವನ್ನೂ ಉಳಿಸಿಕೊಂಡೆ. “ಏನ್ ಕೈಗುಣ ಕಣ್ರೀ!” ಎಂದು ಊರೆಲ್ಲ ಹೊಗಳಿತು.

ನಾಮಕರಣದ ದಿನ ಅಣ್ಣ ಅಡುಗೆಮನೆಯ ಬಾಗಿಲಿಗೆ ಬಂದ. “ತೊಟ್ಲಿಗೆ ಹಾಕೋಗಂಟ ಇಲ್ಲೇ ಇರ್ತೀಯೇನೇ?” ಎಂದ. ತಲೆ ಎತ್ತಲಿಲ್ಲ, ಪಾಪ.

ನಾನು ಎದ್ದು, ನನ್ನ ಹಾಗೆಯೇ ಒಲೆ ಮುಂದೆ ಕೂತಿದ್ದ ಅವ್ವನ ಕೈಹಿಡಿದೆ. “ಬಾ ಅವ್ವ, ಇಬ್ರೂ ಹೋಗಣ.”

“ನೀನು ಹೋಗು ಮಗ. ನಿನ್ ಕೈಯಾಗೆ ಹುಟ್ಟಿದ್ ಕೂಸು ಅದು. ನಾನೆಲ್ಲಿ ಬತ್ತೀನಿ? ನನ್ಗೆ ಒಗ್ಗಕಿಲ್ಲ.”

ತೊಟ್ಟಿಲ ಬಳಿಗೆ ಹೋಗಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಇವಳು ಗೋವೆಯವಳಾಗಿಬಿಟ್ಟಳು ಎಂದುಕೊಂಡು ಸುಮ್ಮನಾಗುತ್ತಿದ್ದರು. ಅವ್ವನನ್ನು ಅಲ್ಲಿ ಬಿಟ್ಟು ಹೋದರೆ ನಿಜಕ್ಕೂ ಗೋವೆಯವಳೇ ಆಗಿಬಿಡುತ್ತೇನೆ ಅನ್ನಿಸಿತು. ಕೂತುಬಿಟ್ಟೆ. ನಡುಮನೆಯಲ್ಲಿ ಹೆಂಗಸರು ಜೋಗುಳ ಎತ್ತಿಕೊಂಡರು. ಅವ್ವನೂ ಸಣ್ಣ ದನಿಯಲ್ಲಿ ಸೇರಿಸಿ ಹಾಡತೊಡಗಿದಳು. ಅವಳಿಗೆ ಪೂರ್ತಿ ಬರುತ್ತಿತ್ತು. ನನಗೆ ಎರಡು ಸಾಲಿನ ಮೇಲೆ ಮರೆತುಹೋಗಿತ್ತು.