ಮೋಡದ ದಿನಗಳಲ್ಲಿ ಅಕ್ಕನಿಗೆ ಕಾಣದ ಮಾತು

ನನ್ನ ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಕಿವಿ ತೆಗೆದುಕೊಂಡು ಮಾತನ್ನು ಮಾತ್ರ ಬಿಟ್ಟುಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದಳು. ಹುಲಿಕೆರೆಯ ಹತ್ತಿರ ಹೊಲದಲ್ಲಿದ್ದ ನಮ್ಮ ಮನೆಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಕತ್ತಲಾದ ಮೇಲೆ ನಾನೂ ಅವ್ವನೂ ಲಾಟೀನಿನ ಬೆಳಕಿನಲ್ಲಿ ಮಾತಾಡುತ್ತಿದ್ದರೆ ಅಕ್ಕ ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಬೇಲೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮನೆಗೆ ಸೋಲಾರ್ ದೀಪ ಹಾಕಿಸಿದೆ. ಹೆಂಚಿನ ಮೇಲೆ ಪ್ಯಾನೆಲ್, ನಡುಮನೆಯ ಮೂಲೆಯಲ್ಲಿ ಬ್ಯಾಟರಿ, ಎರಡು ಟ್ಯೂಬ್‌ಲೈಟು. ಮೊದಲ ಸಂಜೆಯೇ ಅಕ್ಕ, "ಅವ್ವ ಒಲೆ ಮುಂದೆ ಕೂತ್ಕಂಡು ಬಯ್ಯದೂ ಕಾಣ್ತದಲ್ಲೇ!" ಎಂದು ಜೋರಾಗಿ ನಕ್ಕಳು. ಆಮೇಲೆ ಊಟದ ಹೊತ್ತಿನ ಮಾತಿನಲ್ಲಿ ನಾವು ಮೂವರೂ ಇದ್ದೆವು.

ಕೆಲವು ವರ್ಷ ಕಳೆದು ಅವ್ವ ಹಾಸಿಗೆ ಹಿಡಿದದ್ದು ಆಷಾಢದಲ್ಲಿ. ಜಡಿಮಳೆ, ಬಿಸಿಲೆಂಬುದೇ ಇಲ್ಲ. ದೀಪ ದಿನದಿನಕ್ಕೆ ಬೇಗ ಆರತೊಡಗಿತು. ಬೇಲೂರಿನಿಂದ ಬಂದ ರಿಪೇರಿಯವನು ಬ್ಯಾಟರಿಗೆ ನೀರು ಹಾಕಿ, ತಂತಿ ಉಜ್ಜಿ, "ಪ್ಯಾನೆಲ್ ಚೆನ್ನಾಗೈತೆ ಮೇಡಂ. ಮೋಡ ಹಿಂಗೇ ಇದ್ರೆ ಹೊಸಾ ಬ್ಯಾಟ್ರಿ ಹಾಕಿದ್ರೂ ಚಾರ್ಜ್ ಎಲ್ಲಿಂದ ಬತ್ತದೆ? ಒಂದೇ ಲೈಟ್ ಹಾಕಳಿ" ಎಂದ.

ಇದ್ದಷ್ಟು ಬೆಳಕನ್ನು ಅವ್ವನ ಮಂಚದ ಹತ್ತಿರಕ್ಕೆ ಉಳಿಸಿಕೊಂಡೆವು. ಅಡಿಗೆಮನೆಗೆ ಲಾಟೀನು. ಅವ್ವನ ದನಿ ಇಳಿದುಹೋಗಿ ನಾನು ಬಗ್ಗಿ ಕಿವಿ ಇಟ್ಟರೂ ಏನೂ ತಿಳಿಯುತ್ತಿರಲಿಲ್ಲ. ಅಕ್ಕನಿಗೆ ತಿಳಿಯುತ್ತಿತ್ತು. "ಮಗ್ಗುಲು ಬದಲಾಯ್ಸ್‌ಬೇಕಂತೆ ಕಣೇ," "ಹಸಾ ಕಟ್ಟಿದ್ರಾ ಅಂತಾವ್ಳೆ," ಎಂದು ನನಗೆ ಹೇಳುವವಳು ಅವಳೇ.

ಒಂದು ಸಂಜೆ, ಮುಸ್ಸಂಜೆ ಕಳೆದಿತ್ತಷ್ಟೆ, ಟ್ಯೂಬ್‌ಲೈಟು ಪಟ್ಟನೆ ಆರಿತು. ನಾನು ಲಾಟೀನಿಗೆ ಓಡಿದೆ. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಹಿಂದಿನಿಂದ ಅಕ್ಕ ಕೂಗಿದಳು: "ಬೇಗ ಬಾರೇ! ಅವ್ವ ಏನೋ ಹೇಳ್ತಾವ್ಳೆ. ಕೈಗೆ ಉಸ್ರು ತಾಕ್ತೈತೆ. ಮಾತು ಕಾಣಾಕಿಲ್ಲ!"

ಲಾಟೀನು ತಂದಾಗ ಅಕ್ಕನ ಬೆರಳುಗಳು ಅವ್ವನ ತುಟಿಯ ಮೇಲಿದ್ದವು. ತುಟಿ ನಿಂತಿತ್ತು.

"ನಿಂಗೇನಾರಾ ಕೇಳಿಸ್ತೇನೇ?"

ದೀಪವನ್ನು ನನ್ನ ಮುಖದ ಹತ್ತಿರ ಹಿಡಿದು, "ಇಲ್ಲ ಅಕ್ಕ" ಎಂದೆ.

ಅವ್ವ ಮತ್ತೆ ಬಾಯಿ ತೆರೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಹೋದಳು.

ಆಮೇಲಿನ ದಿನಗಳಲ್ಲಿ ಅಕ್ಕ ಎರಡು ಬೆರಳನ್ನು ತನ್ನ ತುಟಿಗೆ ಒತ್ತಿಕೊಂಡು ಏನೇನೋ ಪಿಸುಗುಟ್ಟಿ ನೋಡಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ಮುಂದೆಯೂ ಹಾಗೆ ಮಾಡಿ ಕೇಳಿದಳು: "ತುಟಿ ಕೂಡ್ತು, ಬಿಡ್ತು. 'ಮಗಾ' ಅಂದ್ಲೋ 'ಬಾ' ಅಂದ್ಲೋ?" ಎರಡಕ್ಕೂ ತುಟಿ ಒಂದೇ ಥರ ಕೂಡುತ್ತದೆ.

ತಿಥಿಯ ಹೊತ್ತಿಗೆ ಮೋಡ ಹರಿದು ಬಿಸಿಲು ಬಂದಿತ್ತು. ಸಂಜೆ ಟ್ಯೂಬ್‌ಲೈಟು ಉರಿಯಿತು. ನಡುಮನೆ ತುಂಬ ನೆಂಟರು. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಕೊನೇಗೆ ಅಕ್ಕಯ್ಯ ಏನಾರಾ ಅಂದ್ಲಾ?" ಎಂದು ಕೇಳಿದಳು. ಅತ್ತ ಕೂತಿದ್ದ ಅಕ್ಕನಿಗೆ ಆ ಪ್ರಶ್ನೆ ಕಂಡಿತು.

"ಅಂದ್ಲು," ಎಂದಳು ಅಕ್ಕ.

ಏನೆಂದು ಯಾರೋ ಕೇಳುವಷ್ಟರಲ್ಲಿ ಅವಳು ಕಣ್ಣು ಮುಚ್ಚಿಕೊಂಡುಬಿಟ್ಟಿದ್ದಳು.