ಭಾನುವಾರದ ಮೊರ

ವಾರದ ಆರು ದಿನ ಕೊಡೆ ಹಿಡಿದು ಸ್ಕೂಲಿಗೆ ಓಡುವ ಒಂಟಿಕೊಪ್ಪಲಿನ ನಮ್ಮ ವಠಾರದ ಉಪಾಧ್ಯಾಯಿನಿ ಸರ್ವಮಂಗಳ, ಭಾನುವಾರ ಮಾತ್ರ ನಡುಮನೆಯ ಕಂಬಕ್ಕೆ ಅಂಟಿಕೊಂಡುಬಿಡುತ್ತಾರೆ. ಶನಿವಾರ ಸಂಜೆ ಕೇಳಿದರೆ ಎಣ್ಣೆಸ್ನಾನ, ಹಪ್ಪಳ, ಹರಿದ ರವಿಕೆ, ತಂಗಿಗೆ ಕಾಗದ, ಎಲ್ಲವೂ ನಾಳೆಗೇ. ಬೆಳಗಾದರೆ "ಯಾಕೋ ಕೈಕಾಲೇ ಏಳ್ತಿಲ್ಲ ಕಣ್ರೀ" ಎನ್ನುತ್ತಾರೆ. ಹೆಡ್‌ಮಿಸ್ಟ್ರೆಸ್ಸೇ ಬಂದು ಗಂಟೆ ಬಾರಿಸಿದರೂ ಆ ಹೊತ್ತು ಅವರು ಏಳಲಾರರು. ಗಂಡ ಷಡಕ್ಷರಿಗೂ ಅದೇ ಆಯಾಸ. ಆದರೆ ಅವರು ಬೆಂಚಿನ ಮೇಲೆ ಕಾಲು ಚಾಚಿ "ಭಾನುವಾರ ಅಲ್ವೇ" ಎಂದರೆ ಸಾಕು, ಕಾಫಿ ಬರುತ್ತದೆ. ಹೆಂಗಸು ಸುಮ್ಮನೆ ಕೂರಬೇಕಾದರೆ ತೊಡೆಯ ಮೇಲೆ ಮೊರ ಇರಬೇಕು. ಆದ್ದರಿಂದ ಸರ್ವಮಂಗಳ ಅಕ್ಕಿ ಆರಿಸುತ್ತಾರೆ. ಬೆರಳು ಒಂದೇ ಕಡೆ ನಿಂತಿರುತ್ತದೆ, ಕಣ್ಣು ಅಂಗಳದ ಬಿಸಿಲಿನಲ್ಲಿರುತ್ತದೆ. "ಮಂಗಳಾ, ನೀರು ಕಾಯ್ತಾ?" ಎಂದು ಗಂಡ ಕೂಗಿದರೆ, "ಅಕ್ಕಿ ತುಂಬಾ ಕಲ್ಲು ಕಣ್ರೀ, ನೀವೇ ನೋಡ್ಕೊಳ್ಳಿ" ಎನ್ನುತ್ತಾರೆ. ಹನ್ನೊಂದಾದರೂ ಆ ಒಂದು ಸೇರು ಮುಗಿಯುವುದಿಲ್ಲ. ಅಂಗಡಿಯವನನ್ನು ವಠಾರವೆಲ್ಲ ಸೇರಿ ಬೈದಿದ್ದೇವೆ. ಕಳೆದ ವಾರ ಹುಣಸೆಹಣ್ಣು ಕೇಳಲು ಹೋದವಳು ನೋಡಿದೆ: ಆರಿಸಿ ಮುಗಿದ ಅಕ್ಕಿಗೆ ಅವರು ಸೆರಗಿನ ಗಂಟು ಬಿಚ್ಚಿ, ಅವೇ ಹತ್ತು ಕಲ್ಲುಗಳನ್ನು ಮತ್ತೆ ಬೆರೆಸುತ್ತಿದ್ದರು. ನನ್ನ ಹಿಂದೆಯೇ ಅವರ ಅತ್ತೆ ಗೌರಮ್ಮ ನಿಂತಿದ್ದರು. ಈ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸುವ ಕಣ್ಣು ಅವರದು. ಸರ್ವಮಂಗಳ ಮುಷ್ಟಿ ಬಿಗಿಹಿಡಿದರು. ಗೌರಮ್ಮ ಮೊರವನ್ನು ಒಮ್ಮೆ ನೋಡಿ, ಒಲೆಯ ಕಡೆ ತಿರುಗುತ್ತಾ ಹೇಳಿದರು: "ನಮ್ ಕಾಲದಿಂದ್ಲೂ ಅಕ್ಕೀಲಿ ಕಲ್ಲು ಜಾಸ್ತಿ ಕಣಮ್ಮ. ನಿಧಾನಕ್ಕೆ ಆರ್ಸು."