ಹಗ್ಗದ ಮೇಲಿನ ನೀಲಿ ಟವಲ್

ಹೊಳಲ್ಕೆರೆಯ ಅಡಿಕೆ ಮಂಡಿಯೊಂದರಲ್ಲಿ ಖರೀದಿದಾರರು ಅಡಿಕೆಗೆ ಬೆಲೆ ಕೂಗಲು ನಾನು ಬರೆದ ಟೆಂಡರ್ ಸಾಫ್ಟ್‌ವೇರ್ ಕೈಕೊಟ್ಟಿತ್ತು. ಕಂಟೇನರುಗಳಿಗೆ, ಅಂದರೆ ಸರ್ವರಿನಲ್ಲಿ ಓಡುವ ಅದೇ ಪ್ರೋಗ್ರಾಮಿನ ಹಲವು ಪ್ರತಿಗಳಿಗೆ, ಕೆಲಸ ಹಂಚುವ ಲೋಡ್ ಬ್ಯಾಲೆನ್ಸರ್, ಸತ್ತುಹೋದ ಕಂಟೇನರಿನ ಹೆಸರು ಪಟ್ಟಿಯಲ್ಲಿದೆ ಅಂತ ಅದಕ್ಕೂ ಕೆಲಸ ಕಳಿಸುತ್ತಿತ್ತು. ಖರೀದಿದಾರರು ಬೈಯುತ್ತಿದ್ದರು. ತಲೆಕೆಟ್ಟು ಮುಖ ತೊಳೆದು, ಟವಲನ್ನು ಹೊರಗಿನ ಹಗ್ಗಕ್ಕೆ ಹಾಕಿದೆ.

"ಏ ನೀಲಿ ಟವಲ್, ಬಾರಪ್ಪ, ಮೂಟೆ ಹಿಡಿ!" ಹಮಾಲರ ಮೇಸ್ತ್ರಿ ಕೂಗಿದರು.

"ನಾನು ಕಂಪ್ಯೂಟರ್‌ನವನು ಕಣ್ರೀ!"

"ಈ ಹಗ್ಗಕ್ಕೆ ಟವಲ್ ಹಾಕಿದೋರು ಕೆಲಸಕ್ಕೆ ರೆಡಿ ಅಂತ. ಮನೆಗೆ ಹೋಗೋರು ತಗಂಡು ಹೋಗ್ತಾರೆ."

"ಟವಲ್ ಇಲ್ಲೇ ಮರೆತು ಹೋದ್ರೆ?"

"ಮೂರು ಸಲ ಕೂಗ್ತೀನಿ. ಓ ಅನ್ನಲಿಲ್ಲ ಅಂದ್ರೆ ಟವಲ್ ಕಿತ್ತು ಬಿಸಾಕ್ತೀನಿ."

ಒಂದು ಮೂಟೆ ಹೊತ್ತು ಹಾಕಿ, ಒಳಗೆ ಓಡಿ, ಸಾಫ್ಟ್‌ವೇರಿಗೂ ಅದೇ ನಿಯಮ ಬರೆದೆ: ಮೂರು ಸಲ ಕೂಗಿದರೂ ಓ ಅನ್ನದ ಕಂಟೇನರಿನ ಹೆಸರು ಪಟ್ಟಿಯಿಂದ ಔಟ್. ಟೆಂಡರ್ ಶುರುವಾಯಿತು. ಬೀಗುತ್ತಾ ಹೊರಗೆ ಬಂದರೆ ನನ್ನ ಟವಲ್ ಧೂಳಲ್ಲಿ ಬಿದ್ದಿತ್ತು.

ಮೇಸ್ತ್ರಿ ಮೂರು ಸಲ ಕೂಗಿದ್ದರಂತೆ.